ಆಗ್ರಾದಲ್ಲಿ ಒಲೆ ಕಾಯಬೇಕಿದ್ದ ಬೆಳಿಗ್ಗೆ

ನನ್ನ ಹೊಟ್ಟೆಯನ್ನು ನಾನು ಬೈದಷ್ಟು ಬೇರೆ ಯಾರೂ ಬೈದಿರಲಿಕ್ಕಿಲ್ಲ. ಬೈದು ಏನು ಬಂತು, ಮಣ್ಣು!

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ ರಜೆ. ನಾನು ಕುಮಟಾದಲ್ಲಿ ಹೈಸ್ಕೂಲು ಮಾಸ್ತರ. ಭಟ್ಕಳದಿಂದ ಹೊರಟ ಪ್ರವಾಸದ ಬಸ್ಸು ಹೊನ್ನಾವರದಲ್ಲಿ ಅಡಿಗೆ ಭಟ್ಟರನ್ನೂ ಅವರ ಪಾತ್ರೆ, ಒಲೆಗಳನ್ನೂ ಹತ್ತಿಸಿಕೊಂಡು, ಕುಮಟಾದಲ್ಲಿ ನಮ್ಮನ್ನು ತುಂಬಿಕೊಂಡು ಉತ್ತರಕ್ಕೆ ಹೊರಟಿತು. ನಮ್ಮ ಕಡೆಯವರು ದೇಶ ನೋಡುವ ಕ್ರಮವೇ ಹಾಗೆ. ಅಕ್ಕಿ ನಮ್ಮದು, ತೆಂಗಿನಕಾಯಿ ನಮ್ಮದು, ಮಿಡಿ ಉಪ್ಪಿನಕಾಯಿಯ ಭರಣಿಯೂ ನಮ್ಮದು. ಗೋಲಗುಮ್ಮಟ ನೋಡಿ ಬಂದು ತಂಬುಳಿ ಅನ್ನ, ಗ್ವಾಲಿಯರ್ ಕೋಟೆ ಹತ್ತಿಳಿದು ಬಂದು ಮತ್ತೆ ತಂಬುಳಿ ಅನ್ನ. ಪರವೂರಿನ ಒಂದು ತುತ್ತೂ ಬಾಯಿಗಿಡದೆ ದೇಶ ಸುತ್ತಿದೆವೆಂದು ಹೆಮ್ಮೆಪಡುವ ಜನ. ನನಗೋ, ಬೀದಿಯ ಬಾಣಲೆ ಕಂಡಲ್ಲೆಲ್ಲ ಬಾಯಲ್ಲಿ ನೀರು.

ನಾವು ಊರು ನೋಡುವ ಹೊತ್ತಿಗೆ ಭಟ್ಟರು ಧರ್ಮಶಾಲೆಯ ಹಿತ್ತಲಲ್ಲಿ ಒಲೆ ಹೊತ್ತಿಸಿಕೊಂಡಿರುತ್ತಿದ್ದರು. ಇಂಥ ಬಸ್ಸಿನಲ್ಲಿ ಅದು ಅವರ ಐದನೆಯ ಪ್ರವಾಸ. ಐದು ಸಲವೂ ಆಗ್ರಾಕ್ಕೆ ಬಂದವರು ತಾಜಮಹಲು ನೋಡಿರಲಿಲ್ಲ. ಆಗ್ರಾದಲ್ಲಿ ನಾವೆಲ್ಲ ಅದನ್ನು ನೋಡಿ ಬಂದ ಸಂಜೆ, ಭಟ್ಟರು ನನ್ನನ್ನು ಬದಿಗೆ ಕರೆದರು.

"ಮಾಸ್ತರ್ರೆ, ನಂಗೂ ಒಂದ್ ಸಲ ನೋಡವು ಹೇಳಿ ಆಸೆ ಇದ್ದು. ಮನೆಲಿ ಹೆಂಡ್ತಿ ಪ್ರತೀ ಸಲ ಕೇಳ್ತು, ತಾಜಮಹಲ್ ಹ್ಯಾಂಗಿದ್ದು ಹೇಳಿ. ಈ ಸಲನೂ ಆಗ್ಲಿಲ್ಲೆ ಹೇಳಿ ಹೇಳಿ ಸಾಕಾತು."

"ಅದಕ್ಕೆಂತ! ನಾಳೆ ಬೆಳಿಗ್ಗೆ ಹೋಗಿ ಬನ್ನಿ. ಎಂಟರಿಂದ ಹತ್ತರವರೆಗೆ ಒಲೆ ನಾನು ನೋಡ್ಕಳ್ತೆ," ಎಂದೆ. ಎದೆ ತಟ್ಟಿಕೊಂಡೇ ಹೇಳಿದೆ. ಮಧ್ಯಾಹ್ನ ಊಟ ಮುಗಿಸಿ ಬಸ್ಸು ಮಥುರೆಗೆ ಹೊರಡುವುದಿತ್ತು. ಅವರಿಗೆ ಉಳಿದದ್ದು ಆ ಎರಡು ತಾಸು ಮಾತ್ರ.

ನಮ್ಮ ಡ್ರೈವರು ಭಟ್ಕಳದ ನವಾಯತ ಮುಸಲ್ಮಾನ. ಉರ್ದು ಬಲ್ಲವನಾದ್ದರಿಂದ ಊರೂರಿನ ತಿಂಡಿಯ ಗಲ್ಲಿಗಳು ಅವನಿಗೆ ಗೊತ್ತು. ಬೆಳಿಗ್ಗೆ ಆರಕ್ಕೆ ಅವನ ಜೊತೆ ಹಳೇ ಪೇಟೆಗೆ ಹೋದೆ, ಎಂಟರೊಳಗೆ ಬಂದುಬಿಟ್ಟರಾಯಿತಲ್ಲ ಎಂದು. ಉದ್ದಿನ ಹೂರಣದ ಬಿಸಿ ಬೇಡೈ ಪೂರಿ, ಖಾರದ ಆಲೂಗಡ್ಡೆ ಪಲ್ಯ, ಜೊತೆಗೆ ಜಿಲೇಬಿ. ಅಬ್ಬಾ, ಆ ರುಚಿಯೇ!

"ಮಾಸ್ತರ್ರೇ, ಟೈಮಾಯ್ತು. ಭಟ್ರು ಕಾಯ್ತಾ ಇರ್ತಾರೆ," ಎಂದು ಡ್ರೈವರು ಎರಡು ಸಲ ಹೇಳಿದ. "ಇನ್ನೊಂದು ಪ್ಲೇಟು," ಎಂದೆ. ಆಮೇಲೆ ಲಸ್ಸಿ. ಅದರ ಮೇಲೆ, ಬೂದುಗುಂಬಳದ ಮಿಠಾಯಿ ಪೇಠಾ ಮಾಡುವುದನ್ನು ನೋಡಬೇಕೆಂದು ಇನ್ನೊಂದು ಗಲ್ಲಿ. ಭಟ್ಟರ ನೆನಪು ಹೋಗಿರಲಿಲ್ಲ. ನೆನಪಿದ್ದೂ ತಿಂದೆ. ಅದೇ ಇವತ್ತಿಗೂ ಚುಚ್ಚುವುದು.

ಧರ್ಮಶಾಲೆ ಮುಟ್ಟಿದಾಗ ಹತ್ತೂವರೆ. ಭಟ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಸ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡು, ಹೊಗೆಯಲ್ಲಿ ಸಾಂಬಾರು ತಿರುವುತ್ತಿದ್ದರು. ಇಡೀ ಪ್ರವಾಸದಲ್ಲಿ ಆ ಅಂಗಿ ಹೊರಬಿದ್ದದ್ದು ಆವತ್ತು ಮಾತ್ರ.

"ಟಾಂಗಾನೇ ಸಿಗಲಿಲ್ಲ ಭಟ್ರೆ," ಎಂದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನನ್ನ ಅಂಗಿಯ ಮೇಲೆ ಜಿಲೇಬಿಯ ಪಾಕ ಸುರಿದಿತ್ತು.

"ಅಡ್ಡಿಲ್ಲೆ ಮಾಸ್ತರ್ರೆ. ತಾಜಮಹಲ್ ಎಲ್ಲಿಗೆ ಓಡಿ ಹೋಗ್ತು?" ಎಂದು ನಕ್ಕರು. ಮಧ್ಯಾಹ್ನ ನನಗೆ ಅನ್ನ ಸೇರಲಿಲ್ಲ. ಹೊಟ್ಟೆ ಕೆಟ್ಟಿದೆಯೆಂದುಕೊಂಡು ಅವರು ಶುಂಠಿ ಜಜ್ಜಿ ಹಾಕಿ ಮಜ್ಜಿಗೆ ಮಾಡಿಕೊಟ್ಟರು. ಅದನ್ನೂ ಕುಡಿದೆ, ನಾಚಿಕೆಗೆಟ್ಟವನು.

ಮಥುರೆಯ ದಾರಿಯಲ್ಲಿ ಭಟ್ಟರು ನನ್ನ ಪಕ್ಕಕ್ಕೆ ಬಂದು ಕೂತು, ತಾಜಮಹಲು ಹೇಗಿತ್ತು ಹೇಳಿ ಎಂದರು. ಹೇಳಿದೆ. ಕಲ್ಲು, ಕೆತ್ತನೆ, ಹಿಂದಿನ ನದಿ, ನೆನಪಿದ್ದಷ್ಟೂ ಹೇಳಿದೆ. ಮಕ್ಕಳು ಪಾಠ ಕೇಳುವ ಹಾಗೆ ಕೇಳಿಸಿಕೊಂಡರು. ಮುಂದಿನ ವರ್ಷದಿಂದ ಮಂಡಿನೋವೆಂದು ಅವರು ಪ್ರವಾಸದ ಅಡಿಗೆ ಬಿಟ್ಟರೆಂದು ಆಮೇಲೆ ಗೊತ್ತಾಯಿತು.

ಮೂರ್ನಾಲ್ಕು ವರ್ಷದ ಮೇಲೆ ತಂಗಿಯ ಮದುವೆಯ ಅಡಿಗೆಗೆ ಹೇಳಲು ಹೊನ್ನಾವರದ ಹತ್ತಿರದ ಅವರ ಮನೆಗೆ ಹೋದೆ. ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟು, ನನ್ನನ್ನು ನೋಡಿ ಅರಳಿದರು.

"ಆಗ್ರಾದ ಮಾಸ್ತರ್ರು ನೀವೇ ಅಲ್ದ? ತಾಜಮಹಲ್ ನೋಡ್ಲೆ ಇಬ್ರೂ ಒಟ್ಟಿಗೇ ಹೋಗಿದ್ರಡ. ಇವ್ರು ಹೇಳಿದ್ದು ಕೇಳಿ ಕೇಳಿ, ನಂಗೂ ನೋಡಿದಾಂಗೇ ಆಗಿಹೋಯ್ದು."

ಭಟ್ಟರು ಬಾಗಿಲ ಬಳಿ ನಿಂತಿದ್ದರು. ನನ್ನ ಮುಖ ನೋಡಲಿಲ್ಲ.

"ಹೌದು," ಎಂದೆ. "ಒಟ್ಟಿಗೇ ಹೋಗಿದ್ದೆವು." ಆಕೆಗೆ ಅಷ್ಟು ಸಾಲದೇನೋ ಎನ್ನಿಸಿ, "ಭಟ್ಟರು ಅಲ್ಲಿಂದ ಏಳುವುದಕ್ಕೇ ಒಪ್ಪಲಿಲ್ಲ," ಎಂದೂ ಸೇರಿಸಿದೆ. ಆಕೆ ಗಂಡನನ್ನು ನೋಡಿ ನಕ್ಕರು.

ಮದುವೆಯ ಮಾತು ಮುಗಿಸಿ ಎದ್ದೆ. ಭಟ್ಟರು ಕುಂಟುತ್ತ ಬೇಲಿಯ ದಣಪೆ ಬಾಗಿಲ ತನಕ ಬಂದು, ನನ್ನ ಕೈ ಹಿಡಿದುಕೊಂಡರು.

"ನಾನೇ ನಿಮ್ಮ ಹತ್ರ ಸುಳ್ಳು ಹೇಳ್ಸಿದಿ. ತಪ್ಪಾತು ಮಾಸ್ತರ್ರೆ, ಬೇಜಾರ ಮಾಡ್ಕಳದು ಬ್ಯಾಡ," ಎಂದರು.