ಇಂಜಿನ್ ಆರುವ ತನಕ

ಮಾಬುಸಾಬರ ಆಟೋದ ಇಂಜಿನ್ ದಿನಾ ಸಂಜೆ ನಾಲ್ಕೂ ಕಾಲಿಗೆ ತಪ್ಪದೆ ಬಿಸಿಯಾಗುತ್ತಿತ್ತು. ಬೇಸಿಗೆ, ಚಳಿ ಅಂತೇನೂ ಇರಲಿಲ್ಲ. ಕೊಟ್ಟೂರಿನಲ್ಲಿ ನಮ್ಮ ಓಣಿಯ ಏಳು ಮಕ್ಕಳನ್ನು ಶಾಲೆಯಿಂದ ಅಬಾಕಸ್ ಕ್ಲಾಸಿಗೆ ಒಯ್ಯುವವರು ಅವರು. ದಾರಿಯಲ್ಲಿ ಹಳೇ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಬಯಲು ಬಂತೆಂದರೆ ಗಾಡಿ ನಿಲ್ಲಿಸಿ, ಹಿಂದೆ ಹೋಗಿ ಇಂಜಿನ್ ಮೇಲೆ ಅಂಗೈ ಇಟ್ಟು, "ಕಾದೈತ್ರಪಾ, ಆರೋತನಕ ಇಳೀರಿ" ಅನ್ನುತ್ತಿದ್ದರಂತೆ. ಆರಲಿಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಅರವತ್ತರ ಹತ್ತಿರದ ಮನುಷ್ಯ. ಖಾಕಿ ಅಂಗಿ, ಹೆಗಲಿಗೊಂದು ಟವೆಲ್ಲು, ಬಾಯಲ್ಲಿ ಸದಾ ಅಡಿಕೆ. ಸೀಟಿನ ಕೆಳಗೆ ಜಾಕು, ಪಾನಾಗಳ ಜೊತೆ ಒಂದು ಚೀಲ ಗೋಲಿ, ಒಂದು ಬೋಳು ಸೈಕಲ್ ಟೈರು. ಮಕ್ಕಳಿಗೆ ಅವರು ಯಾವ ಆಟವನ್ನೂ ಹೇಳಿಕೊಟ್ಟವರಲ್ಲ. ಜಗಳ ಬಂದು ಪಂಚಾಯ್ತಿಗೆ ಓಡಿ ಬಂದರೆ, "ನನ್ನ ಕೇಳಬ್ಯಾಡ್ರಿ, ನಾ ಡ್ರೈವರ ಅದೀನಿ" ಎಂದು ಮುಖ ಆ ಕಡೆ ತಿರುಗಿಸಿಬಿಡುತ್ತಿದ್ದರು. ಮಕ್ಕಳು ತಾವೇ ಬಗೆಹರಿಸಿಕೊಳ್ಳಬೇಕಿತ್ತು.

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಶಾಲೆಯ ವೇಳಾಪಟ್ಟಿ ಬರೆಯುವವನೂ ನಾನೇ. ಆ ಚಟ ಮನೆಗೂ ಬಂತು. ಐದನೇ ಕ್ಲಾಸಿನ ಮಗಳು ಚಂದನಾಳಿಗೆ ಶಾಲೆ ಬಿಟ್ಟ ಮೇಲೆ ಅಬಾಕಸ್, ಅದಾದ ಮೇಲೆ ನವೋದಯ ಪರೀಕ್ಷೆಯ ಕೋಚಿಂಗ್, ಶನಿವಾರ ಡ್ಯಾನ್ಸು, ಭಾನುವಾರ ಕೀಬೋರ್ಡು. ಎಲ್ಲ ಚೌಕಗಳಲ್ಲಿ ಬರೆದು, ಲ್ಯಾಮಿನೇಷನ್ ಮಾಡಿಸಿ, ಒಂದು ಪ್ರತಿ ಮಾಬುಸಾಬರಿಗೂ ಕೊಟ್ಟೆ. ಅವರು ಅದನ್ನು ಬಹಳ ಹೊತ್ತು ನೋಡಿ, "ಸರ, ಇದರಾಗ ಆಡೋದು ಎಲ್ಲೈತ್ರಿ?" ಅಂತ ಕೇಳಿದರು. ನಾನು ಹೆಮ್ಮೆಯಿಂದ ಮೂಲೆ ತೋರಿಸಿದೆ. ಭಾನುವಾರ, ನಾಲ್ಕರಿಂದ ನಾಲ್ಕೂವರೆ, ಆಟ. ಕೆಂಪು ಮಸಿಯಲ್ಲಿ ಬರೆದಿದ್ದೆ ಬೇರೆ! "ಭಾಳ ಛಲೋ ಬರದೀರಿ" ಎಂದು ಅದನ್ನು ಮುಂದಿನ ಗಾಜಿಗೆ ಸಿಕ್ಕಿಸಿಕೊಂಡರು.

ಒಂದು ದಿನ ಅಬಾಕಸ್ ಮೇಡಂ ಫೋನ್ ಮಾಡಿ, ನಿಮ್ಮ ಆಟೋ ದಿನಾ ತಡವಾಗಿ ಬರುತ್ತದೆ ಅಂದರು. ನನಗೆ ಪಿತ್ತ ನೆತ್ತಿಗೇರಿತು. ಮರುದಿನ ಬೈಕಿನಲ್ಲಿ ಹಿಂದೆಯೇ ಹೋದೆ. ಬಯಲಿನಲ್ಲಿ ಚಂದನಾ ಬೂಟು ಕಳಚಿ, ಜಡೆ ಬಿಚ್ಚಿಹೋಗಿ, ಸೊಂಟಕ್ಕೆ ಕೈ ಕೊಟ್ಟುಕೊಂಡು ಯಾರದೋ ಜೊತೆ ಗೋಲಿಯ ಗೆರೆಗಾಗಿ ವಾದಕ್ಕೆ ನಿಂತಿದ್ದಳು. ಮನೆಯಲ್ಲಿ ಕೇಳಿದ್ದಕ್ಕೆ ಹ್ಞೂಂ, ಹ್ಞುಹೂಂ ಬಿಟ್ಟರೆ ಬಾಯಿ ಬಿಡದ ಹುಡುಗಿ. ಅದನ್ನು ನಿಂತು ನೋಡುವ ಬುದ್ಧಿ ನನಗೆ ಬರಲಿಲ್ಲ. ಇಂಜಿನ್ ಕಾದೈತ್ರಿ ಸರ ಅಂತ ಒಬ್ಬ ಹುಡುಗ ಹೇಳಿದ. ನೆಟ್ಟಗೆ ಹೋಗಿ ಇಂಜಿನ್ ಮುಟ್ಟಿದೆ. ಓಡಿ ಬಂದ ಯಾವ ಗಾಡಿಗೂ ಇರುವಷ್ಟೇ ಬಿಸಿ, ನಿಲ್ಲಿಸುವಷ್ಟು ಕಾದಿರಲಿಲ್ಲ.

ಮಕ್ಕಳೆಲ್ಲ ನೋಡುತ್ತಿದ್ದಂತೆ, ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ಏಕವಚನದಲ್ಲಿ ಬೈದೆ. ಸುಳ್ಳುಗಾರ ಅಂದೆ. ಅವರು ಟವೆಲ್ಲು ಕೈಗೆ ತೆಗೆದುಕೊಂಡು ಮೆಲ್ಲಗೆ ಹೇಳಿದರು: "ಸುಳ್ಳು ಹೌದ್ರಿ ಸರ. ಕೇಳಿದ್ರ ನೀವು ಬಿಡ್ತಿದ್ದಿಲ್ಲಲ್ರಿ."

ಅಷ್ಟಕ್ಕೇ ಬಿಟ್ಟಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ. ಆ ಸಂಜೆ ಪಾಲಕರ ವಾಟ್ಸಾಪ್ ಗುಂಪಿನಲ್ಲಿ, "ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಆಟೋ ಬದಲಿಸೋಣ" ಎಂದು ಹಾಕಿದೆ. ತಡವಾಗುತ್ತದೆ ಅಂತ ಬರೆಯಬಹುದಿತ್ತು. ಮಕ್ಕಳನ್ನು ಆಡಲು ಬಿಡುತ್ತಾರೆ ಅಂತಲೂ ಬರೆಯಬಹುದಿತ್ತು. ನಾನು ಬರೆದದ್ದು ಸುರಕ್ಷತೆ. ಒಬ್ಬರು, "ಹಂಥಾ ಮಂದೀನ ನಂಬಬಾರದು" ಅಂದರು. ಇನ್ನೊಬ್ಬರು ಅದಕ್ಕೆ ಕೈಮುಗಿದ ಚಿತ್ರ ಹಾಕಿದರು. ಅವರು ಏನು ತಿಳಿದುಕೊಂಡರು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಮರುದಿನ ಮಾಬುಸಾಬರ ಆಟೋದಲ್ಲಿ ಒಂದು ಮಗುವೂ ಇರಲಿಲ್ಲ. ತಿಂಗಳೊಳಗೆ ಅವರು ಊರು ಬಿಟ್ಟರು.

ಹೊಸ ಆಟೋ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ನವೋದಯ ಆಗಲಿಲ್ಲ, ಹೋಗಲಿ. ಒಂದು ಭಾನುವಾರ ಕೀಬೋರ್ಡ್ ಕ್ಲಾಸು ಮುಗಿದ ಮೇಲೆ ಮನಸ್ಸು ತಡೆಯದೆ ಚಂದನಾಳನ್ನು ಬೈಕಿನಲ್ಲಿ ಆ ಬಯಲಿಗೆ ಕರೆದುಕೊಂಡು ಹೋಗಿ, "ಇಂಜಿನ್ ಕಾದೈತವ್ವಾ, ಆರೋತನಕ ಆಡು ಹೋಗು" ಅಂದೆ. ಅವಳು ಇಳಿದು, ಸುತ್ತ ನೋಡಿ, ಬ್ಯಾಗು ಎದೆಗವಚಿಕೊಂಡು ನಿಂತಳು. "ಎಷ್ಟ ನಿಮಿಷ, ಅಪ್ಪಾ?" ಅಂತ ಕೇಳಿದಳು. ನಾನು ಮತ್ತೆ ಬೈಕು ಚಾಲೂ ಮಾಡಿದೆ. ಇಬ್ಬರೂ ಮನೆಗೆ ಬಂದೆವು.

ಹೋದ ತಿಂಗಳು ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ "ಸರ, ಆರಾಮ್ರಿ?" ಅಂತ ಯಾರೋ ಕೂಗಿದರು. ಮಾಬುಸಾಬರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮಗಳ ಮನೆಯಲ್ಲಿದ್ದಾರಂತೆ, ಪಕ್ಕದ ಅರಸೀಕೆರೆ ಹಳ್ಳಿ ಕಡೆಯಿಂದ ಆಟೋದಲ್ಲಿ ತರಕಾರಿ ಹೇರುತ್ತಾರಂತೆ. ನನಗೆ ಚಹಾ ಹೇಳಿದರು. ಕ್ಷಮಿಸಿ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೇಳಿದರು.

"ಚಂದನಾ ಆಡ್ತಾಳೇನ್ರಿ ಸರ?"

"ಹ್ಞೂಂ," ಅಂದೆ. "ದಿನಾ ಆಡ್ತಾಳ."

ಅವರ ಮುಖ ಅರಳಿತು. "ಅಷ್ಟಾದ್ರ ಸಾಕು ಬಿಡ್ರಿ" ಎಂದು ನನ್ನ ಕೈ ಒತ್ತಿ, ಗಾಡಿಯ ಕಡೆ ಹೊರಟರು. ಏಳು ಮಕ್ಕಳ ಮುಂದೆ ನಾನು ಸುಳ್ಳುಗಾರ ಎಂದು ಕರೆದಿದ್ದ ಮನುಷ್ಯ, ನನ್ನ ಮಾತು ನಂಬಿಕೊಂಡು ಹೋದರು.