ನಿಯಮ ಅವರದ್ದು

ಅಳಿಯನಿಗೆ ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ. ಮಗಳ ಮದುವೆಯಾದಾಗಿನಿಂದ ನಾನು ಪಾಲಿಸಿಕೊಂಡು ಬಂದ ಮರ್ಯಾದೆ ಇದು. ಈಗ ಬರೆಯುತ್ತಿರುವುದು ಅವನ ಬೆನ್ನ ಹಿಂದೆ, ಆದ್ದರಿಂದ ಏಕವಚನವೇ ಸಾಕು.

ನೋಡುವುದಕ್ಕೆ ಲಕ್ಷಣವಾಗಿದ್ದಾನೆ. ಕುಡಿಯುವುದಿಲ್ಲ, ಬೈಯುವುದಿಲ್ಲ, ಸಾರಿಗೆ ಉಪ್ಪು ಬೀಳದಿದ್ದರೂ ತುಟಿ ಪಿಟಕ್ಕೆನ್ನುವುದಿಲ್ಲ. ಮದುವೆಯ ಮಾತು ಎತ್ತಿದಾಗ, 'ನಿಮಗೆಲ್ಲ ಹೇಗನ್ನಿಸುತ್ತೋ ಹಾಗೆ' ಎಂದಿದ್ದ. ನಮ್ಮ ಯಜಮಾನರು ಅಷ್ಟಕ್ಕೇ ಕರಗಿ ನೀರಾದರು. ಬೆನ್ನುಮೂಳೆ ಇಲ್ಲದ್ದನ್ನೇ ವಿನಯ ಎಂದುಕೊಂಡು ಕಣ್ಣು ಮುಚ್ಚಿದರು, ಪುಣ್ಯಾತ್ಮ.

ಅವನ ಕೆಲಸ ಏನೆಂದರೆ, ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮಿನಲ್ಲಿ, ಹೊರಗಿನಿಂದ ತಂತಿಯ ಮೇಲೆ ಬರುವುದನ್ನೆಲ್ಲ ಬರಮಾಡಿಕೊಳ್ಳುವ ಭಾಗವೊಂದಿದೆಯಂತೆ. ಮಾತಾಗಲಿ, ಚಿತ್ರವಾಗಲಿ, ಚೂರುಚೂರಾಗಿ ಪೊಟ್ಟಣ ಕಟ್ಟಿಕೊಂಡು ಬರುತ್ತವೆ. ಆ ಪೊಟ್ಟಣಗಳು ದಾಟುವ ಬಾಗಿಲು ಬಾಗಿಲಿಗೂ ಇವನು ಹುಕ್ಕು ಹಾಕುತ್ತಾನೆ. ಯಾರು ಬೇಕಾದರೂ ತಮ್ಮ ನಿಯಮ ಬರೆದು ಅದಕ್ಕೆ ತಗುಲಿಹಾಕಬಹುದು: ಇದನ್ನು ಬಿಡು, ಅದನ್ನು ತಡೆ, ಇನ್ನೊಂದನ್ನು ನಿಧಾನಕ್ಕೆ ಕಳಿಸು. ಮೊದಲಾದರೆ ಮೂಲ ಪ್ರೋಗ್ರಾಮನ್ನೇ ಬಿಚ್ಚಿ ಹೊಲಿಯಬೇಕಿತ್ತು. ಈಗ ಗೋಡೆಗೆ ಅಂಗಿ ನೇತುಹಾಕಿದಷ್ಟು ಸುಲಭ.

"ಯಾರೋ ಬರೆದ ನಿಯಮ ಸರಿಯಿದೆಯೋ ಇಲ್ವೋ, ಯಾರು ನೋಡ್ತಾರೆ?" ಎಂದು ಒಮ್ಮೆ ಕೇಳಿದೆ.

"ಅದಕ್ಕೂ ಪರೀಕ್ಷೆ ಇದೆ ಅತ್ತೆ. ಆ ನಿಯಮ ಸುತ್ತಿದ್ದೇ ಸುತ್ತಿ ಮೆಷಿನ್ನನ್ನೇ ನಿಲ್ಲಿಸಿಬಿಡುತ್ತಾ ಅಂತ ಮೊದಲೇ ನೋಡಿಬಿಡುತ್ತೆ."

"ಮನುಷ್ಯರಿಗೆ ಏನಾದ್ರೂ ಆಗುತ್ತಾ ಅಂತ?"

"ಅದು ನಮ್ಮ ಕಡೆ ಬರಲ್ಲ. ಹುಕ್ಕು ನಂದು, ನಿಯಮ ಅವರದ್ದು."

"ಯಾರೂ ಯಾವ ನಿಯಮಾನೂ ಹಾಕದಿದ್ರೆ?"

"ಯಾರೂ ಏನೂ ಹೇಳದಿದ್ರೆ ಒಳಗೆ ಬಿಟ್ಟುಬಿಡಬೇಕು. ಹಾಗೇ ಇಟ್ಟಿದ್ದೀನಿ."

ಹೇಳುವಾಗ ಎದೆ ಉಬ್ಬಿತ್ತು. ಏನೂ ಹೇಳದಿರುವುದನ್ನೇ ಕಸುಬು ಮಾಡಿಕೊಂಡವನಿಗೆ ಉಬ್ಬಿಸಲು ಬೇರೇನಿದೆ?

ನಾವಿದ್ದದ್ದು ಬಾಡಿಗೆ ಕಟ್ಟಡದಲ್ಲಿ. ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ಪಕ್ಕದಲ್ಲಿ ಒಂದು ಡಬ್ಬ. ಎಲ್ಲಾ ಮನೆಗಳ ಇಂಟರ್ನೆಟ್ಟೂ ಅದರಿಂದಲೇ. ಮಾಲೀಕನಿಗೆ ಅದನ್ನು ಕೂರಿಸಿಕೊಟ್ಟವನು ಇದೇ ಅಳಿಯ, ಅದರೊಳಗೆ ಇರುವುದೂ ಇವನ ಹುಕ್ಕುಗಳೇ.

ನಮ್ಮ ಮೇಲಿನ ಕೋಣೆಯಲ್ಲಿ ಹೊಲಿಗೆಯವಳಿದ್ದಳು. ಹುಟ್ಟಿನಿಂದ ಕಿವಿ ಕೇಳದು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಬೇರೆ ಊರಿನಲ್ಲಿದ್ದ ಅವಳ ತಂಗಿಗೂ ಕೇಳದು, ಓದುಬರಹವೂ ಇಲ್ಲ, ಸಾಲದ್ದಕ್ಕೆ ತುಂಬಿದ ಬಸುರಿ. ತಾಯಿಯಿಲ್ಲದ ಇಬ್ಬರೂ ದಿನಾ ಸಂಜೆ ಫೋನಿನ ಪರದೆಯ ಮೇಲೆ ಕೈಸನ್ನೆಯಲ್ಲೇ ಮಾತಾಡಿಕೊಳ್ಳುವರು. ಫೋನಿನ ಸಿಗ್ನಲ್ ಆ ಗಲ್ಲಿಯಲ್ಲಿ ಸತ್ತರೂ ಬರದು. ಇದ್ದದ್ದು ಆ ಡಬ್ಬವೊಂದೇ.

ಮಾಲೀಕನಿಗೆ ಆ ಕೋಣೆ ತನ್ನ ಅಕ್ಕನ ಮಗನಿಗೆ ಬೇಕಾಗಿತ್ತು. ಖಾಲಿ ಮಾಡು ಅಂದ, ಅವಳು ಆಗಲ್ಲ ಅಂದಳು. ಮರುವಾರ ಅವಳ ಕೋಣೆಯಲ್ಲಿ ತಂಗಿಯ ಚಿತ್ರ ನಿಂತುಹೋಯಿತು. ಬೇರೆಲ್ಲ ಬರುತ್ತದೆ, ಚಿತ್ರ ಮಾತ್ರ ಇಲ್ಲ. ಕಟ್ಟಡದಲ್ಲಿ ಬೇರೆ ಯಾರಿಗೂ ತೊಂದರೆಯಿಲ್ಲ. 'ಕಂಪನಿಯವರ ಲೈನೇ ಸರಿಯಿಲ್ಲ' ಎಂದು ಮಾಲೀಕ ಕೈ ತೊಳೆದುಕೊಂಡ. ಅವಳು ನಮ್ಮ ಬಾಗಿಲಿಗೆ ಬಂದು ಎರಡೂ ಅಂಗೈ ಬಿಡಿಸಿ ನಿಂತಳು. ಅಳಿಯ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದವನಂತೆ ಮಾಡಿ, ಎದ್ದು ಬಂದು ಕೈ ತೊಳೆದು ಊಟಕ್ಕೆ ಕೂತ.

"ಲೈನಿಗೆ ಏನಾಗಿದೆ?" ಎಂದು ಮಗಳು ಕೇಳಿದಳು.

"ಲೈನಿಗೇನೂ ಆಗಿಲ್ಲ. ಮಾಲೀಕರು ಅವಳ ಕೋಣೆಗೊಂದು ನಿಯಮ ತಗುಲಿಸಿದ್ದಾರೆ, ಅಷ್ಟೇ. ಪಕ್ಕದ ಮನೆಗೆ ಒಂದು ಚೂರೂ ತಾಗಿಲ್ಲ ನೋಡು, ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡ್ತಿದೆ!"

ಆ ಮಾಲೀಕ ಫೋನಿನ ಗಡಿಯಾರ ತಪ್ಪಿದರೆ ತಿದ್ದಿಸಿಕೊಳ್ಳಲು ನಮ್ಮ ಮನೆಗೆ ಓಡಿಬರುವ ಆಸಾಮಿ.

"ಅಳಿಯಂದ್ರೇ, ಅವರಿಗೆ ಗಡಿಯಾರ ತಿದ್ದೋಕೆ ಬರಲ್ಲ. ನಿಯಮ ಬರೆದುಕೊಟ್ಟ ಮಹಾನುಭಾವರು ಯಾರು?"

ಅವನು ಅನ್ನ ಅಗಿಯುತ್ತಲೇ ಇದ್ದ. ಮಗಳು ಸೌಟು ಕೆಳಗಿಟ್ಟಳು.

"ಅವರು ಹೇಳಿದ್ರು, ನಾನು ಬರೆದೆ," ಎಂದ ಕೊನೆಗೆ. "ನಿಯಮ ಅವರದ್ದೇ."

"ತೆಗೀರಿ."

"ಅವರು ಹೇಳಿದ್ರೆ ತೆಗೀತೀನಿ ಅತ್ತೆ."

ಕೋಪ ಕೂಡ ಬರಲಿಲ್ಲ ನನಗೆ. ಕೋಪ ಮಾಡಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯನಾದರೂ ಇರಬೇಕಲ್ಲ. ತಟ್ಟೆ ಸರಿಸಿ ಎದ್ದೆ. ಮಗಳು ಮೇಲೆ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಹೊಲಿಗೆಯವಳನ್ನು ಕೈಹಿಡಿದು ಕರೆತಂದಳು. ಅಂದಿನಿಂದ ಅವಳ ಸಂಜೆ ನಮ್ಮ ಹಜಾರದಲ್ಲಿ, ನಮ್ಮ ಲೈನಿನಲ್ಲಿ, ಅವನ ಕುರ್ಚಿಯ ಮೇಲೆ. ಅವನು ಅಡುಗೆಮನೆಯ ಸ್ಟೂಲಿಗೆ ಹೋದ.

ನಾಲ್ಕು ದಿನದಲ್ಲಿ ಮಾಲೀಕನಿಗೆ ಸುದ್ದಿ ಮುಟ್ಟಿತು. ಬಂದವನೇ ಬಾಗಿಲಲ್ಲಿ ನಿಂತು, "ಏನ್ರೀ ಇದು? ಮೇಲಿನ ಕೋಣೆಗೆ ಹಾಕಿದ್ರಲ್ಲ, ಇಲ್ಲಿಗೂ ಅದನ್ನೇ ಹಾಕಿಬಿಡಿ," ಎಂದ.

ಅಳಿಯ ಅವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ನನ್ನ ಕಡೆ ತಿರುಗಿ, "ನೀವೇನಂತೀರಿ ಅತ್ತೆ?" ಎಂದ.

"ಯಾರೂ ಏನೂ ಹೇಳದಿದ್ರೆ ಒಳಗೆ ಬಿಟ್ಟುಬಿಡಬೇಕು ಅಂತ ನೀವೇ ಹೇಳಿದ್ರಲ್ಲ. ಬಾಯಿ ಮುಚ್ಚಿಕೊಂಡು ಕೂತಿರಿ. ಅದೊಂದು ನಿಮಗೆ ಚೆನ್ನಾಗಿ ಬರುತ್ತೆ."

ಕೂತ. ಮಾಲೀಕ ಕೂಗಾಡಿದ, ನಮ್ಮನ್ನೂ ಹೊರಗೆ ಹಾಕುತ್ತೇನೆಂದ. ಮಗಳು, "ಹಾಕಿ. ನಿಮ್ಮ ಡಬ್ಬ ಕೆಟ್ಟರೆ ಯಾರನ್ನ ಕರೀತೀರೋ ನೋಡ್ತೀನಿ," ಎಂದು ಬಾಗಿಲು ಹಾಕಿದಳು. ಡಬ್ಬ ನೆನಪಾಗಿಯೋ ಏನೋ, ಅವನು ಮತ್ತೆ ಬರಲಿಲ್ಲ. ಆದರೆ ಮೇಲಿನ ಕೋಣೆಯ ನಿಯಮ ಹಾಗೇ ನೇತಾಡುತ್ತಿತ್ತು. ತೆಗೆ ಎಂದು ಹೇಳಬೇಕಾದವರು ಹೇಳಿರಲಿಲ್ಲವಲ್ಲ! ಈ ನಮ್ಮ ವೀರ ಈಗ ನೆಂಟರ ಮುಂದೆ, 'ಆವತ್ತು ನಾನು ಜಗ್ಗಲೇ ಇಲ್ಲ' ಎಂದು ಹೇಳಿಕೊಳ್ಳುತ್ತಾನೆ.

ತಂಗಿಗೆ ಹೆರಿಗೆಯಾಯಿತು. ಪರದೆಯ ತುಂಬ ಕೆಂಪು ಮುಖದ ಕೂಸು. ಹೊಲಿಗೆಯವಳ ಕೈಗಳು ಒಂದು ಕ್ಷಣ ಗಾಳಿಯಲ್ಲೇ ನಿಂತವು, ಆಮೇಲೆ ನಿಲ್ಲಲೇ ಇಲ್ಲ. ಮಗಳು ಅಳುತ್ತಿದ್ದಳು. ಅಡುಗೆಮನೆಯಿಂದ ಅವನು ತಲೆ ಹಾಕಿ, ಹೊಲಿಗೆಯವಳ ಎದುರಿಗೇ ಬಂದು ನಿಂತು, ತುಟಿ ಬಿಡಿಸಿ ಬಿಡಿಸಿ ಕೇಳಿದ:

"ಚಿತ್ರ ಚೆನ್ನಾಗಿ ಬರ್ತಿದೆಯಾ?"

ಅವಳು ಅವನ ತುಟಿಯನ್ನು ಕೊನೆಯವರೆಗೂ ನೋಡಿದಳು. ನೋಡಿ, ಫೋನನ್ನೆತ್ತಿಕೊಂಡು ಬೆನ್ನು ತಿರುಗಿಸಿ ಕೂತಳು. ಕಿವಿ ಕೇಳದವಳು ಬೆನ್ನು ತಿರುಗಿಸಿದ ಮೇಲೆ ಯಾರ ಮಾತೂ ಒಳಗೆ ಹೋಗುವುದಿಲ್ಲ.