ಒಂದೆಳೆ ಕರಕಿ ಇಲ್ಲದ ಹೊಲ

ಕೊಪ್ಪಳ ಜಿಲ್ಲೆ ಹುಟ್ಟಿದ್ದೂ ನಾನು ಕೃಷಿ ಇಲಾಖೆಗೆ ಸೇರಿದ್ದೂ ಒಂದೇ ವರ್ಷ, 1997ರಲ್ಲಿ. ಸಿಕ್ಕವರಿಗೆಲ್ಲ ಅದನ್ನು ಹೇಳುವುದು ನನಗೊಂದು ಚಟ. ಮೊದಲು ಗಂಗಾವತಿಯ ಕಾಲುವೆ ಸೀಮೆಯಲ್ಲಿ ಭತ್ತದ ಗದ್ದೆಯ ಕೆಸರು ತುಳಿದೆ, ಆಮೇಲೆ ಕುಷ್ಟಗಿ, ಕೊನೆಗೆ ಯಲಬುರ್ಗಾ. ಈಗ ಹೇಳಹೊರಟ ಸಂಗತಿ ನಡೆದದ್ದು ಪ್ಯಾರಿಸ್‌ನಲ್ಲಿ ಜಗತ್ತಿನ ದೇಶಗಳು ಸೇರಿ ಹವಾಮಾನದ ಒಪ್ಪಂದ ಮಾಡಿಕೊಂಡ ಮರುವರ್ಷ. ಆಗ ನಾನು ಯಲಬುರ್ಗಾ ತಾಲೂಕಿನ ಒಂದು ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅಧಿಕಾರಿ. ಬೀಜ, ಗೊಬ್ಬರ ಹಂಚುವುದು, ಹೊಲ ತಿರುಗುವುದು, ಕೇಂದ್ರದ ಹಿತ್ತಲಲ್ಲಿದ್ದ ಮಳೆಮಾಪಕದ ನೀರನ್ನು ಬೆಳಿಗ್ಗೆ ಅಳೆಯುವುದು, ಇವು ನನ್ನ ಕೆಲಸ. ಮಳೆ ಬಿದ್ದ ಮರುದಿನ ಬಸ್ಸು ಹತ್ತಿದರೆ ಸಾಕು, "ನಿನ್ನಿ ಎಷ್ಟಾತ್ರಿ ಅಕ್ಕಾರ?" ಎಂದು ಹಿಂದಿನ ಸೀಟಿನಿಂದ ಯಾರಾದರೂ ಕೂಗುತ್ತಿದ್ದರು. ಹೀಗಾಗಿ ಆ ಸೀಮೆಗೆಲ್ಲ ನಾನು 'ಮಳಿ ಅಕ್ಕಾರು'. ನನ್ನ ನಿಜವಾದ ಹೆಸರು ಪಗಾರದ ಚೀಟಿಯಲ್ಲಿ ಮಾತ್ರ ಇತ್ತು.

ಹವಾಮಾನ ಕೆಟ್ಟಿದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಾರವೆಲ್ಲ ಜಿನುಗಬೇಕಾದ ಮಳೆ ಒಂದೇ ಸಂಜೆ ಸುರಿದು, ಮಣ್ಣು ಹೊತ್ತುಕೊಂಡು ಹಳ್ಳಕ್ಕೆ ಹೋಗುವುದನ್ನು ನಾನೇ ಅಳೆದು ಬರೆದಿದ್ದೆ. ಆದ್ದರಿಂದ ದೇಶದ ನಾಯಕರು ಟಿವಿಯಲ್ಲಿ ಬಂದು, ಕಲ್ಲಿದ್ದಲು ಸುಡುವುದನ್ನು ಕಡಿಮೆ ಮಾಡುತ್ತೇವೆ, ಬಿಸಿಲು ಮತ್ತು ಗಾಳಿಯಿಂದ ಕರೆಂಟು ಮಾಡುತ್ತೇವೆ, ಇಂಗಾಲದ ಹೊಗೆ ಕಡಿಮೆ ಇರುವ ಆರ್ಥಿಕತೆ ಕಟ್ಟುತ್ತೇವೆ ಎಂದಾಗ ನನಗೆ ನಿಜಕ್ಕೂ ಖುಷಿಯಾಯಿತು. "ನಿನ್ನ ಮಳೆಮಾಪಕದ ವರದಿ ಅಂತೂ ದಿಲ್ಲಿಗೆ ಮುಟ್ಟಿತು ನೋಡು" ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದರು. ಮಾಡಲಿ ಬಿಡಿ, ಅವರು ಬ್ಯಾಂಕಿನವರು, ಅವರಿಗೆ ಮಳೆ ಎಂದರೆ ಕೊಡೆ.

ದಿಲ್ಲಿಯಲ್ಲಿ ಹೇಳಿದ ಗುರಿ ಬೆಂಗಳೂರಿಗೆ ಬಂತು, ಬೆಂಗಳೂರಿನಿಂದ ಕೊಪ್ಪಳಕ್ಕೆ, ಕೊಪ್ಪಳದಿಂದ ನಮ್ಮ ತಾಲೂಕಿಗೆ. ಇಲ್ಲಿಗೆ ಬರುವ ಹೊತ್ತಿಗೆ ಅದು ಒಂದೇ ಪ್ರಶ್ನೆಯಾಗಿತ್ತು: ಸೋಲಾರ್ ಪಾರ್ಕಿಗೆ ಭೂಮಿ ಎಲ್ಲಿದೆ? ಸೋಲಾರ್ ಪಾರ್ಕ್ ಎಂದರೆ ನೂರಾರು ಎಕರೆಯಲ್ಲಿ ಸಾಲಾಗಿ ಫಲಕ ಹಾಕಿ, ಬೇಲಿ ಬಡಿದು, ಒಂದೇ ಕಡೆ ವಿದ್ಯುತ್ ತಯಾರಿಸುವ ಜಾಗ. ಅದಕ್ಕೊಂದು ಶರತ್ತು ಇತ್ತು. ಸಾಗುವಳಿಯಲ್ಲಿರುವ ಭೂಮಿಯನ್ನು ಮುಟ್ಟುವಂತಿಲ್ಲ, ಸರ್ಕಾರಿ ಪಾಳು ಭೂಮಿಯನ್ನಷ್ಟೇ ತೆಗೆದುಕೊಳ್ಳಬೇಕು. ದಿಲ್ಲಿಯ ಸಮಿತಿಯೊಂದು ಬಂದು, ಕಣ್ಣಾರೆ ನೋಡಿ, ಯಾವುದು ಸಾಗುವಳಿ ಯಾವುದು ಪಾಳು ಎಂದು ತೀರ್ಮಾನಿಸಬೇಕು. ಶರತ್ತು ಓದಿ, ಪರವಾಗಿಲ್ಲ, ಯಾರೋ ತಲೆ ಇರುವವರೇ ಬರೆದಿದ್ದಾರೆ ಅಂದುಕೊಂಡೆ.

ಆಯ್ಕೆಗೆ ಬಂದ ಜಾಗಗಳಲ್ಲಿ ಒಂದು ನನ್ನ ಕೇಂದ್ರದ ವ್ಯಾಪ್ತಿಯ ಹಳ್ಳಿಯದು. ದಾಖಲೆಯಲ್ಲಿ ಸರ್ಕಾರಿ ಭೂಮಿ. ನೆಲದ ಮೇಲೆ ಹನ್ನೆರಡು ಮನೆಯವರು ಅಜ್ಜಂದಿರ ಕಾಲದಿಂದ ಬಿತ್ತಿ ಬೆಳೆದ ಎರೆ ಹೊಲ, ಅಂದರೆ ಕರಿಮಣ್ಣಿನ ಹೊಲ. ಹಕ್ಕುಪತ್ರಕ್ಕೆ ಅರ್ಜಿ ಕೊಟ್ಟು ಕಾಯುತ್ತಿದ್ದರು. ಅದು ಬಿಟ್ಟರೆ ಅವರಿಗೆ ಬೇರೆ ಭೂಮಿ ಇರಲಿಲ್ಲ. ಅವರಲ್ಲಿ ಹಿರಿಯ ಹನುಮಪ್ಪ, ಮಾತಿಗೊಮ್ಮೆ ರುಮಾಲು ಸರಿಮಾಡಿಕೊಳ್ಳುವ ಮನುಷ್ಯ. ಅವನ ಹೆಂಡತಿ ದ್ಯಾಮವ್ವ ನನಗೆ ರೊಟ್ಟಿ ಕಟ್ಟಿಕೊಡದೆ ಊರು ಬಿಡಲು ಕೊಡುತ್ತಿರಲಿಲ್ಲ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಆಳವಾದ ಎರೆಮಣ್ಣಿನಲ್ಲಿ ನಮ್ಮ ಕಡೆಯವರು ಮುಂಗಾರಿನಲ್ಲಿ ಬಿತ್ತುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಹೊಲವನ್ನು ಖಾಲಿ ಬಿಟ್ಟು, ಬಿದ್ದ ಮಳೆಯನ್ನೆಲ್ಲ ಅದಕ್ಕೆ ಕುಡಿಸುತ್ತಾರೆ. ನಡುನಡುವೆ ಕುಂಟೆ ಹೊಡೆದು ಹರಗಿ, ಕಳೆ ತೆಗೆಯುತ್ತಾರೆ. ಹಸ್ತ ಮಳೆಯ ಹೊತ್ತಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಾರೆ. ಇದೇ ಹಿಂಗಾರಿ. ಆಮೇಲೆ ಒಂದು ಹನಿ ಬೀಳದಿದ್ದರೂ ನೆಲದೊಳಗಿನ ತೇವದಲ್ಲೇ ಜೋಳ ಆಳೆತ್ತರ ನಿಲ್ಲುತ್ತದೆ. ಅಂದರೆ ಆಗಸ್ಟಿನಲ್ಲಿ ಬಂದು ನೋಡಿದವರಿಗೆ ಬರೀ ಕರಿಮಣ್ಣು ಕಾಣುತ್ತದೆ, ಜನವರಿಯಲ್ಲಿ ಬಂದವರಿಗೆ ಹೊಲದೊಳಗೆ ನಿಂತ ಆಳು ಕಾಣುವುದಿಲ್ಲ.

ಸಮಿತಿ ಬರುವುದು ಆಗಸ್ಟಿನಲ್ಲಿ ಎಂದು ಗೊತ್ತಾದ ದಿನವೇ ತಹಶೀಲ್ದಾರರ ಹತ್ತಿರ ಓಡಿದೆ. "ಸರ್, ಸಂಕ್ರಾಂತಿಗೆ ಬರಲು ಹೇಳಿ. ಈಗ ನೋಡಿದರೆ ಅವರಿಗೆ ಏನು ತಿಳಿಯುತ್ತದೆ?" ಎಂದೆ. ಅವರು ಒಳ್ಳೆಯ ಮನುಷ್ಯ, ಕುಷ್ಟಗಿ ಕಡೆಯವರು, ಎರೆ ಹೊಲ ಏನೆಂದು ಬಲ್ಲವರು. "ಮೇಡಂ, ನನಗ ಗೊತ್ತೈತ್ರಿ. ಆದ್ರ ಮಾರ್ಚ್ ಒಳಗ ಭೂಮಿಪೂಜಿ ಆಗಬೇಕಂತ ಮ್ಯಾಲಿಂದ ಬಂದೈತಿ. ಸಂಕ್ರಾಂತಿ ತನಕ ಕಾಯ್ರಿ ಅಂತ ದಿಲ್ಲಿಗೆ ಹೇಳೂದು ಯಾರ್ರಿ?" ಎಂದರು. ಜಿಲ್ಲಾ ಕಚೇರಿಗೆ ಹೋದೆ, ಅಲ್ಲಿಯೂ ಇದೇ ಮಾತು. ನನ್ನ ಸಿಟ್ಟು ನಮ್ಮ ಇಲಾಖೆಯಲ್ಲಿ ಹೆಸರುವಾಸಿ, ಅಂದು ಅದೂ ಕೆಲಸಕ್ಕೆ ಬರಲಿಲ್ಲ.

ಹಳ್ಳಿಗೆ ಹೋಗಿ, ದಿಲ್ಲಿಯ ಅಧಿಕಾರಿಗಳು ನಿಮ್ಮ ಸಾಗುವಳಿ ನೋಡಲು ಬರುತ್ತಾರೆ, ಹನ್ನೆರಡೂ ಮನೆಯವರು ಹೊಲದಲ್ಲಿರಿ ಎಂದಷ್ಟೇ ಹೇಳಿ ಬಂದೆ, ಭೂಮಿ ಹೋದೀತೆಂದು ಹೆದರಿಸಲಿಲ್ಲ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಹೋದ ವರ್ಷದ ಜೋಳದ ಕೂಳೆ ಹೊಲದಲ್ಲಿ ಇನ್ನೂ ಅಲ್ಲಲ್ಲಿ ನಿಂತಿತ್ತು. ದಂಟು ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಆ ಮೋಟುಗಳೇ ನಮ್ಮ ಸಾಕ್ಷಿ. ಅವುಗಳನ್ನು ತೋರಿಸಿ ಬಾಯಿ ಮುಚ್ಚಿಸಬಹುದು ಅಂದುಕೊಂಡಿದ್ದೆ. ಅಷ್ಟರಲ್ಲಿ ಇಲಾಖೆ ನನ್ನನ್ನು ಗಂಗಾವತಿಗೆ ತರಬೇತಿಗೆ ಕಳಿಸಿತು. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಎಂಬ ಅನಿಲ ಹೊರಟು ಭೂಮಿಯ ಕಾವು ಏರುತ್ತದೆ, ಅದನ್ನು ತಗ್ಗಿಸುವುದು ಹೇಗೆ ಎಂಬುದು ವಿಷಯ. ತರಬೇತಿ ಮುಗಿಸಿಕೊಂಡು ನೇರವಾಗಿ ಸಮಿತಿಯ ಜೀಪು ಹತ್ತಿದೆ.

ಹೊಲದ ದಾರಿ ತಿರುಗಿದ್ದೇ ತಡ, ಜೀಪಿನಿಂದ ತಲೆ ಹೊರಹಾಕಿ ಕೂಳೆ ಹುಡುಕಿದೆ. ಇಡೀ ಹೊಲ ಸಾರಿಸಿದ ಅಂಗಳದಂತಿತ್ತು. ಕೂಳೆ ಇಲ್ಲ, ಕಳೆ ಇಲ್ಲ, ಕರಕಿ ಇಲ್ಲ. ಕರಕಿ ಎಂದರೆ ಎರೆ ಹೊಲದ ಶನಿ, ಬೇರು ಆಳಕ್ಕೆ ಇಳಿದರೆ ಸಲಿಕೆಗೂ ಸಿಗದ ಹುಲ್ಲು. ಹನ್ನೆರಡು ಮನೆಯ ಗಂಡಸರು, ಹೆಂಗಸರು ಸೇರಿ ಎತ್ತು ಕಟ್ಟಿ ಮತ್ತೆ ಮತ್ತೆ ಹರಗಿ, ಕೈಯಿಂದ ಕರಕಿ ಆಯ್ದು, ಕೂಳೆಯನ್ನೆಲ್ಲ ಕಿತ್ತು ಬದುವಿನ ಆಚೆ ಒಟ್ಟಿದ್ದರು. ಬದುವಿನ ಮೇಲೆ ಒಗೆದ ಬಟ್ಟೆ ಉಟ್ಟು ಸಾಲಾಗಿ ನಿಂತಿದ್ದರು. ದ್ಯಾಮವ್ವ ಇಳಕಲ್ ಸೀರೆ ಉಟ್ಟು ಮಜ್ಜಿಗೆಯ ಕೊಡ ಹಿಡಿದಿದ್ದಳು.

ಅವರದೇನೂ ತಪ್ಪಲ್ಲ. ನಮ್ಮ ಕಡೆ ಹೆಣ್ಣು ಕೊಡುವ ಬೀಗರು ಮನೆ ನೋಡುವ ಮೊದಲು ಹೊಲ ನೋಡುತ್ತಾರೆ. ಹೊಲದಲ್ಲಿ ಕರಕಿ ಕಂಡರೆ, ಮೈಗಳ್ಳರ ಮನೆ ಎಂದು ಎದ್ದು ಹೋಗುತ್ತಾರೆ. ಬೀಗರಿಗೇ ಅಷ್ಟಾದರೆ, ದಿಲ್ಲಿಯವರು ಬಂದಾಗ ಹೊಲದಲ್ಲಿ ಕರಕಿ ಹೇಗೆ ಬಿಟ್ಟಾರು?

ಹನುಮಪ್ಪ ಮುಂದೆ ಬಂದು ಸಮಿತಿಯ ಮುಖ್ಯಸ್ಥರಿಗೆ ಕೈ ಮುಗಿದ. "ನೋಡ್ರಿ ಸಾಹೇಬ್ರ, ಇಡೀ ಹೊಲ ತಿರುಗ್ರಿ. ಒಂದೆಳಿ ಕರಕಿ ಇದ್ರ ನನ್ನ ಕೇಳ್ರಿ!" ಎಂದ. ಆ ಮಾತನ್ನು ಹಿಂದಿಯಲ್ಲಿ ಹೇಳಬೇಕಾದವಳು ನಾನೇ. ಹೇಳಿದೆ. ಅದರ ಬೆನ್ನಿಗೇ ಹಿಂಗಾರಿ ಎಂದರೇನು, ಹೊಲ ಏಕೆ ಖಾಲಿ ಇದೆ ಎಂದು ಒಂದೇ ಉಸಿರಿಗೆ ವಿವರಿಸಿದೆ. ಬದು ದಾಟಿ ಓಡಿ, ಒಟ್ಟಿದ್ದ ಕೂಳೆಯನ್ನು ಮುಷ್ಟಿ ತುಂಬ ತಂದು ತೋರಿಸಿದೆ. ನನ್ನ ಫೋನಿನಲ್ಲಿದ್ದ ಹೋದ ಜನವರಿಯ ಜೋಳದ ಚಿತ್ರ ತೋರಿಸಿದೆ. ನಾಚಿಕೆ ಬಿಟ್ಟು ಬೇಡಿಕೊಂಡೆ.

ಮುಖ್ಯಸ್ಥರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ದ್ಯಾಮವ್ವನ ಮಜ್ಜಿಗೆ ಕುಡಿದು ಇನ್ನೊಂದು ಲೋಟ ಕೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನಿಮ್ಮ ಮಾತು ನಂಬುತ್ತೇನೆ. ಆದರೆ ಫೋನಿನ ಈ ಆ್ಯಪ್ ಇವತ್ತು, ಇಲ್ಲಿ ನಿಂತು ತೆಗೆದ ಫೋಟೋ ಬಿಟ್ಟು ಬೇರೆ ತೆಗೆದುಕೊಳ್ಳುವುದಿಲ್ಲ. ನೆಲದಲ್ಲಿ ನಿಂತ ಬೆಳೆಯೋ ಕೂಳೆಯೋ ಅದರಲ್ಲಿ ಕಾಣಬೇಕು. ಕಾಣದ್ದನ್ನು ಕಂಡೆ ಎಂದು ಬರೆಯಲಾರೆ. ಈ ದೇಶ ಈ ಕೆಲಸಕ್ಕೆ ಈಗಾಗಲೇ ತಡ ಮಾಡಿದೆ, ಮೇಡಂ." ಕೊನೆಯ ಮಾತು ನಿಜವಾಗಿತ್ತು. ನಾನೇ ಎಷ್ಟೋ ಸಭೆಗಳಲ್ಲಿ ಆ ಮಾತನ್ನೇ ಹೇಳಿದ್ದೆ. ಅವರು ಫೋನ್ ಎತ್ತಿ ನಾಲ್ಕು ದಿಕ್ಕಿಗೂ ಚಿತ್ರ ತೆಗೆದರು. ನಾಲ್ಕರಲ್ಲೂ ಕರಿಮಣ್ಣೇ ಬಂತು.

ಜೀಪು ಹೊರಡುವ ಮುಂಚೆ ಹನುಮಪ್ಪ ನನ್ನ ಹತ್ತಿರ ಬಂದ. "ಅಕ್ಕಾರ, ಸಾಹೇಬ್ರಿಗೆ ಹೊಲ ಮನಸಿಗೆ ಬಂತೇನ್ರಿ?"

"ಬಂತ್ರಿ ಯಜಮಾನ್ರ" ಎಂದೆ. ಅವನು ಹಿಂದಿರುಗಿ ನೋಡಿ ಉಳಿದವರಿಗೆ ತಲೆಯಾಡಿಸಿದ. ಹೆಂಗಸರು ನಕ್ಕರು. ನಾನು ಜೀಪು ಹತ್ತಿದೆ.

ವರದಿಯಲ್ಲಿ 'ಸಸ್ಯರಹಿತ ಪಾಳು ಭೂಮಿ' ಎಂದು ಬಂತು. ನಾನು ಆಕ್ಷೇಪಣೆ ಬರೆದೆ, ಮಣ್ಣಿನ ಪರೀಕ್ಷೆಯ ಫಲಿತಾಂಶ ಲಗತ್ತಿಸಿದೆ, ಕೊಪ್ಪಳಕ್ಕೆ ಅಲೆದೆ. ಹೋದಲ್ಲೆಲ್ಲ ಕುಳ್ಳಿರಿಸಿ ಚಹಾ ಕೊಟ್ಟರು. ಎಲ್ಲರೂ ನನ್ನ ಮಾತು ಸರಿ ಎಂದರು, ಎಲ್ಲರೂ ತಮ್ಮ ಮೇಲಿನವರ ಕಡೆ ಕೈ ತೋರಿಸಿದರು. ಆ ಕೈಗಳ ಕೊನೆಯಲ್ಲಿ ಯಾರಿದ್ದಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತ ಹಸ್ತ ಮಳೆ ಹದವಾಗಿ ಬಂತು, ಹನ್ನೆರಡೂ ಮನೆಯವರು ಎಂದಿನಂತೆ ಬಿತ್ತಿದರು. ಹಸನಾದ ನೆಲವಲ್ಲವೇ, ಜೋಳ ಚಿಮ್ಮಿಕೊಂಡು ಬಂತು. ಅದರ ಚಿತ್ರ ತೆಗೆದು ಸಮಿತಿಯ ಮುಖ್ಯಸ್ಥರಿಗೆ ಕಳಿಸಿದೆ. "ಬೆಳೆ ಬಹಳ ಚೆನ್ನಾಗಿದೆ. ಕಡತ ನನ್ನ ಕೈ ದಾಟಿದೆ. ಕ್ಷಮಿಸಿ" ಎಂದು ಉತ್ತರ ಬಂತು. ಅದನ್ನು ಓದಿ ಅತ್ತೆ.

ಭೂಮಿ ಹೋಗುತ್ತದೆ ಎಂಬ ಆದೇಶವನ್ನು ಊರಿನಲ್ಲಿ ಓದಿ ಹೇಳಿದ ದಿನ ಹನುಮಪ್ಪ ಜಗಳ ಮಾಡಲಿಲ್ಲ. "ಮನಸಿಗೆ ಬಂದೈತಿ ಅಂದಿದ್ರಲ್ರಿ" ಎಂದಷ್ಟೇ ನನಗೆ ಹೇಳಿ ರುಮಾಲು ಸರಿಮಾಡಿಕೊಂಡ. ಛಲೋ ಹೊಲವಾದ್ದರಿಂದಲೇ ಸರ್ಕಾರ ಕೇಳಿದೆ ಎಂದು ಅವನು ತಿಳಿದಿದ್ದ. ಆದೇಶದಲ್ಲಿ ಸರ್ವೆ ನಂಬರು ಮಾತ್ರ ಇತ್ತು, 'ಪಾಳು' ಎಂಬ ಮಾತನ್ನು ಊರವರಿಗೆ ಹೇಳಲು ನನಗೂ ಬಾಯಿ ಬಂದಿರಲಿಲ್ಲ. ಸುಗ್ಗಿಯ ತನಕ ಬಿಡಿರೆಂದು ಕೇಳಿಕೊಂಡರು. ಸೋಲಾರ್ ಪಾರ್ಕಿನ ಗುತ್ತಿಗೆದಾರ ಒಪ್ಪಿದ, ಭೂಮಿಪೂಜೆಯ ಪೆಂಡಾಲಿನ ಜಾಗ ಮಾತ್ರ ಮೊದಲು ಬೇಕೆಂದ.

ಸಂಕ್ರಾಂತಿ ಕಳೆದ ಮೇಲೆ ಸಮಾರಂಭ ನಡೆಯಿತು. ಜೋಳ ಆಗ ಸೀತನಿಯ ಹದದಲ್ಲಿತ್ತು, ಎಳೆ ತೆನೆಯನ್ನು ಸುಟ್ಟು ತಿನ್ನುವ ಕಾಲ. ಹೊಲದ ನಡುವೆ ಹಸಿ ಜೋಳ ಕೊಯ್ದು ಪೆಂಡಾಲು ಹಾಕಿದ್ದರು, ಸುತ್ತ ಬಣ್ಣದ ಬಟ್ಟೆಯ ಗೋಡೆ ಕಟ್ಟಿದ್ದರು. ಗೋಡೆಯ ಆಚೆ ಜೋಳ ಗಾಳಿಗೆ ಸುಯ್ ಎನ್ನುತ್ತಿತ್ತು. ದಿಲ್ಲಿಯಿಂದ ಕೇಂದ್ರದ ಮಂತ್ರಿಯೊಬ್ಬರು ಪರದೆಯ ಮೇಲೆ ಕಾಣಿಸಿಕೊಂಡು, ಬೇರೆ ಬೇರೆ ರಾಜ್ಯಗಳ ಯೋಜನೆಗಳಿಗೆ ಒಂದೇ ಗುಂಡಿ ಒತ್ತಿ ಚಾಲನೆ ಕೊಡುವ ಏರ್ಪಾಡು. ಹನ್ನೆರಡು ಮನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವರ ಮಕ್ಕಳಿಗೆ ಫಲಕದ ಧೂಳು ಒರೆಸುವ ಕೆಲಸ ಕೊಡುವ ಮಾತಾಗಿತ್ತು. ನಾನು ದ್ಯಾಮವ್ವನ ಪಕ್ಕದಲ್ಲಿ ಕುಳಿತಿದ್ದೆ.

ಮಂತ್ರಿಗಳು ಚೆನ್ನಾಗಿ ಮಾತಾಡಿದರು. ಕರಗುವ ಹಿಮ, ಏರುವ ಕಡಲು, ಮುಂದಿನ ಪೀಳಿಗೆ, ಅವರು ಹೇಳಿದ್ದರಲ್ಲಿ ನಾನು ಒಪ್ಪದ್ದು ಏನೂ ಇರಲಿಲ್ಲ. ಹಿಂದಿಯಲ್ಲಿ ಆಡಿದ್ದನ್ನು ಒಬ್ಬರು ಕನ್ನಡದಲ್ಲಿ ಹೇಳುತ್ತಿದ್ದರು. "ತಲೆತಲಾಂತರದಿಂದ ಒಂದು ಕಾಳೂ ಬೆಳೆಯದ ಬಂಜರು ನೆಲ ಇಂದಿನಿಂದ ದೇಶಕ್ಕೆ ಬೆಳಕು ಬೆಳೆಯಲಿದೆ" ಎಂದಾಗ ಚಪ್ಪಾಳೆ ಬಿತ್ತು. ದ್ಯಾಮವ್ವನೂ ಸೆರಗು ಸರಿಮಾಡಿಕೊಂಡು ಚಪ್ಪಾಳೆ ತಟ್ಟಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಬಹಳ ಮರುಕದಿಂದ ಕೇಳಿದಳು:

"ಒಂದು ಕಾಳೂ ಬೆಳಿಲಾರದ ಭೂಮಿ ಅಂತಲ್ರಿ ಅಕ್ಕಾರ, ಪಾಪ, ಯಾವೂರ ಮಂದೀದ್ರಿ ಅದು? ಇಷ್ಟು ದಿವ್ಸ ಏನು ತಿಂದು ಬದುಕಿದ್ರೋ ಏನೋ."

ನನ್ನ ಕಾಲ ಕೆಳಗೆ ಜಮಖಾನೆ, ಅದರ ಕೆಳಗೆ ಆಗಷ್ಟೇ ಕೊಯ್ದ ಜೋಳದ ಕೂಳೆ ಅಂಗಾಲಿಗೆ ಒತ್ತುತ್ತಿತ್ತು. "ಭಾಳ ದೂರದ ಊರವ್ವಾ" ಎಂದೆ.

"ಹೌದ್ರಿ, ದೂರದ್ದ ಇರಬೇಕು" ಎಂದು ಅವಳು ಪರದೆಯತ್ತ ತಿರುಗಿದಳು.

ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ನಮ್ಮ ಮಾಳಿಗೆಯ ಮೇಲೂ ಸೋಲಾರ್ ಫಲಕ ಇದೆ. ಬಿಸಿಲಿನ ಕರೆಂಟು ಬೇಡ ಎನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ, ಬೇಕೇ ಬೇಕು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಭೇಟಿಗೆ ಬಂದರೆ ಒಂದು ಮಾತು ಹೇಳುತ್ತೇನೆ: ಯಾವುದೇ ನೆಲವನ್ನು ನೋಡಲು ಕಳಿಸಿದರೆ, ಯಾವ ತಿಂಗಳಲ್ಲಿ ನೋಡಬೇಕು ಎಂದು ಮೊದಲು ಕೇಳಿ, ಅದಕ್ಕಾಗಿ ಜಗಳ ಮಾಡಿ. ಜಗಳ ಮಾಡಿಯೂ ಸೋಲಬಹುದು ಎಂಬುದನ್ನು ಹೇಳುವುದಿಲ್ಲ, ಅದು ಅವರಿಗೆ ತಾನಾಗಿ ತಿಳಿಯುತ್ತದೆ. ದ್ಯಾಮವ್ವನಿಗೆ ಕೊಟ್ಟ ಉತ್ತರವನ್ನು ಮಾತ್ರ ನಾನು ಇನ್ನೂ ತಿರುತಿರುಗಿ ನೋಡುತ್ತೇನೆ. ಅದು ಪೂರ್ತಿ ಸುಳ್ಳೂ ಅಲ್ಲ. ಆ ಪರದೆಯ ಆಚೆ ಕುಳಿತವರಿಗೆ ಅವಳ ಹೊಲ ಬಹಳ ದೂರದ ಊರಿನದೇ ಆಗಿತ್ತು.